ವಾಸ್ತುಶಿಲ್ಪ, ಕಲೆ, ನಗರ ಯೋಜನೆ: ಮೂರೂ ಒಂದೇ ಆವರಣದಲ್ಲಿ ಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಆರ್ಕಿಟೆಕ್ಚರ್ ಕಾಲೇಜು ಬೇಕೆಂಬ ಮಾತು ಪಿಯುಸಿ ಫಲಿತಾಂಶದ ಹೊತ್ತಿಗೆ ಪಾಲಕರ ಬಾಯಲ್ಲಿ ಬಂದೇ ಬರುತ್ತದೆ. ಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಕಟ್ಟಡದ ನಕ್ಷೆ ಬರೆಯುವುದನ್ನಷ್ಟೇ ಕಲಿಸುವುದಾದರೆ ಅದಕ್ಕೆ ಹುಬ್ಬಳ್ಳಿಯೇ ಸಾಕು. ಕಾರವಾರಕ್ಕೆ ಬೇಕಾದದ್ದು ವಾಸ್ತುಶಿಲ್ಪ, ಕಲೆ, ನಗರ ಯೋಜನೆ ಮೂರನ್ನೂ ಜೊತೆಯಾಗಿ ಕಲಿಸುವ, ವಿಶ್ವವಿದ್ಯಾಲಯದ ಅಂಗವಾದ ಕಾಲೇಜು.

ಇಂಥದ್ದು ಬೇರೆಡೆ ಇಲ್ಲದ್ದೇನಲ್ಲ. 1871ರಲ್ಲಿ ವಾಸ್ತುಶಿಲ್ಪದ ಬೋಧನೆ ಆರಂಭಿಸಿದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಂದು ಈ ಮೂರೂ ವಿಭಾಗಗಳು ಒಂದೇ ಕಾಲೇಜಿನಲ್ಲಿವೆ. ದೆಹಲಿಯಲ್ಲಿ 1955ರಲ್ಲಿ ಹುಟ್ಟಿದ ನಗರ ಮತ್ತು ಗ್ರಾಮ ಯೋಜನಾ ಶಾಲೆಯನ್ನು 1959ರಲ್ಲಿ ವಾಸ್ತುಶಿಲ್ಪ ವಿಭಾಗದೊಂದಿಗೆ ಸೇರಿಸಿದರು. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು 1962ರಲ್ಲಿ ಆರಂಭಿಸಿದ ವಾಸ್ತುಶಿಲ್ಪ ಶಾಲೆಗೆ 1972ರಲ್ಲಿ ಯೋಜನಾ ಶಾಲೆಯೂ ಜೊತೆಯಾಯಿತು.

ಕಲೆಗೆ ಅಲ್ಲೇನು ಕೆಲಸ ಎಂದು ಕೇಳುವವರು ಶಿರಸಿ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ನೆನಪಿಸಿಕೊಳ್ಳಬೇಕು. ಗೋಡೆಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಂಪು ಲೇಪ ಕೊಟ್ಟು, ಹಸಿ ಆರುವ ಮುನ್ನ ಮೊನಚಾದ ಲೋಹದ ಕಡ್ಡಿಯಿಂದ ಕೆರೆದರೆ ಒಳಗಿನ ಬಿಳುಪು ಗೆರೆಯಾಗಿ ಮೇಲೆ ಬರುತ್ತದೆ. ಬಣ್ಣ ಗೋಡೆಯ ಮೇಲೆ ಕೂತಿರುವುದಿಲ್ಲ, ಗೋಡೆಯ ಭಾಗವೇ ಆಗಿರುತ್ತದೆ. ಹೀಗಾಗಿ ಗಾರೆಯವನ ಕೆಲಸ ಎಲ್ಲಿ ಮುಗಿಯಿತು, ಚಿತ್ರಗಾರನ ಕೆಲಸ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸಲಾಗದು. ಕರಾವಳಿಯಲ್ಲಿ ಸುಣ್ಣವನ್ನು ಸುಡುತ್ತಿದ್ದದ್ದು ಚಿಪ್ಪಿನಿಂದ. ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ಈಗಲೂ ಚಿಪ್ಪು ಸಿಗುತ್ತದೆ. ಅಳಿವೆ ಕೆಟ್ಟರೆ ಈ ಕಲೆಯ ಕಚ್ಚಾ ಸಾಮಗ್ರಿಗೂ ಸಂಚಕಾರ. ಅಳಿವೆಯನ್ನು ಉಳಿಸುವುದು ಯೋಜನೆಯ ವಿಷಯವೆಂದೂ ಗೋಡೆ ಚಿತ್ರ ಕಲೆಯ ವಿಷಯವೆಂದೂ ಬೇರೆ ಬೇರೆ ಪಠ್ಯದಲ್ಲಿ ಓದಿದವರಿಗೆ ಈ ನಂಟು ಕಾಣುವುದೇ ಇಲ್ಲ.

ನಮ್ಮ ಮನೆಗಳನ್ನೇ ನೋಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಇಳಿಜಾರಿನ ಹೆಂಚಿನ ಮಾಡನ್ನು ತೆಗೆದು ಟಾರಸಿ ಹಾಕಿಸುತ್ತೇವೆ. ನಾಲ್ಕು ಮಳೆಗಾಲಕ್ಕೆ ಅದು ಸೋರತೊಡಗಿದಾಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸುತ್ತೇವೆ. ಮಾಡು ಮತ್ತೆ ಬಂತು, ಖರ್ಚು ಮಾತ್ರ ಎರಡು ಪಟ್ಟು! ಬಯಲುಸೀಮೆಯ ನಕ್ಷೆಯನ್ನು ಘಟ್ಟ ಇಳಿಸಿದರೆ ಇನ್ನೇನಾದೀತು?

ಮನೆಯೊಳಗಿನ ತಪ್ಪಿಗೆ ಶೀಟಾದರೂ ಇದೆ, ಊರಿನ ತಪ್ಪಿಗೆ ಅದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೂ ಗಂಗಾವಳಿ ನದಿಗೂ ಬಿದ್ದು ಜೀವಗಳು ಹೋದವು. ಗುಡ್ಡದ ಬುಡವನ್ನು ಎಷ್ಟು ಕಡಿಯಬಹುದು, ಮೇಲಿನ ನೀರು ಯಾವ ದಾರಿಯಲ್ಲಿ ಇಳಿಯಬೇಕು, ಕೆಳಗೆ ಚಹಾ ಅಂಗಡಿ ಎಲ್ಲಿರಬಹುದು ಎಂಬುದನ್ನು ಒಟ್ಟಿಗೆ ನೋಡುವವರು ನಮ್ಮಲ್ಲಿ ತೀರಾ ಕಡಿಮೆ. ಉಪ್ಪುನೀರು ಆಡುವ ತಗ್ಗು ಗದ್ದೆಯಾದ ಗಜನಿಗೆ ಮಣ್ಣು ತುಂಬಿ ಲೇಔಟ್ ಮಾಡಿದಾಗ, ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಕೇರಿಗೆ ನುಗ್ಗುವುದೂ ಇದೇ ಕೊರತೆಯಿಂದ. ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಸಮುದ್ರದಂಚಿನಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ 1991ರಿಂದ ಇದೆ. ಆದರೆ ಆ ಮಿತಿಗೆ ಆಧಾರವಾದ ಭರತದ ಗೆರೆ, ಅಂದರೆ ಉಬ್ಬರದ ನೀರು ಮುಟ್ಟುವ ಗರಿಷ್ಠ ಗೆರೆ, ಯಾರ ಅಂಗಳದಲ್ಲಿ ಹಾದುಹೋಗಿದೆ ಎಂಬುದನ್ನು ಮೀನುಗಾರ ಕುಟುಂಬಕ್ಕೆ ಕನ್ನಡದಲ್ಲೋ ಕೊಂಕಣಿಯಲ್ಲೋ ಬಿಡಿಸಿ ಹೇಳಬಲ್ಲ ಯೋಜಕರು ಬೇಕಲ್ಲ.

ಇಷ್ಟೆಲ್ಲ ಕಲಿತವರಿಗೆ ಇಲ್ಲಿ ನೌಕರಿ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪುರಸಭೆಗಳಲ್ಲಿ ಯೋಜಕರ ಹುದ್ದೆಗಳನ್ನು ಸೃಷ್ಟಿಸದೆ ಕಾಲೇಜನ್ನಷ್ಟೇ ತೆರೆದರೆ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಕೇಳಬೇಕು. ಕಾಡಿರುವಲ್ಲೇ ಕಾಡಿನ ಓದು ಎಂಬಂತೆ ಶಿರಸಿಯಲ್ಲಿ ಅರಣ್ಯ ಕಾಲೇಜು ನಡೆಯುತ್ತಿದೆ. ಗುಡ್ಡ, ಹೊಳೆ, ಸಮುದ್ರ ಒಂದಕ್ಕೊಂದು ಒತ್ತಿಕೊಂಡಿರುವ ಕಾರವಾರವೂ ಈ ಓದಿಗೆ ಅಷ್ಟೇ ಯೋಗ್ಯ ಸ್ಥಳ. ಪದವಿಯಿಲ್ಲದ ಕಾವಿ ಕಲಾವಿದರಿಗೂ ಚಿರೆಕಲ್ಲಿನ ಮೇಸ್ತ್ರಿಗಳಿಗೂ ಅಲ್ಲಿ ಗೌರವಧನ ಕೊಟ್ಟು ಪಾಠ ಮಾಡಿಸುವ ಅವಕಾಶ ನಿಯಮದಲ್ಲೇ ಇರಲಿ. ಮತ್ತು ದಯವಿಟ್ಟು, ಆ ಕಾಲೇಜಿನ ಕಟ್ಟಡಕ್ಕೆ ಜಾಗ ಹುಡುಕುವಾಗ ಗಜನಿಗೆ ಮಣ್ಣು ತುಂಬಬೇಡಿ.