ಸ್ಪಷ್ಟನೆ: ‘ಪಿಗ್ಮೇಲಿಯನ್’ ಮೊದಲು ರಂಗಕ್ಕೇರಿದ್ದು ಲಂಡನ್ನಿನಲ್ಲಲ್ಲ

ಐರಿಷ್ ನಾಟಕಕಾರ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕ 1914ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡು, ಆಮೇಲೆ ಹೊರದೇಶಗಳಿಗೆ ಹೋಯಿತು ಎಂಬ ಮಾತು ಓಡಾಡುತ್ತಿದೆ. ನಡೆದದ್ದು ತಿರುಗುಮುರುಗು. ನಾಟಕ ಮೊದಲು ರಂಗಕ್ಕೇರಿದ್ದು 1913ರ ಅಕ್ಟೋಬರ್ 16ರಂದು, ವಿಯೆನ್ನಾದ ಹೋಫ್‌ಬುರ್ಗ್ ರಂಗಮಂದಿರದಲ್ಲಿ, ಅದೂ ಜರ್ಮನ್‌ನಲ್ಲಿ. ಅನುವಾದ ಸೀಗ್‌ಫ್ರೀಡ್ ಟ್ರೆಬಿಟ್ಷ್ ಅವರದು. ತಮ್ಮ ಪ್ರತಿ ಹೊಸ ನಾಟಕವನ್ನೂ ಲಂಡನ್ನಿನ ಪತ್ರಿಕೆಗಳು ಹೀಗಳೆಯುತ್ತವೆ, ಆ ವರದಿ ಹೊರದೇಶದ ಗಲ್ಲಾಪೆಟ್ಟಿಗೆಗೂ ಪೆಟ್ಟು ಕೊಡುತ್ತದೆ ಎಂಬುದು ಷಾ ಅವರ ದೂರು. ಹಾಗಾಗಿ ಮೊದಲ ಪ್ರಯೋಗವನ್ನೇ ವಿಯೆನ್ನಾಕ್ಕೆ ಬಿಟ್ಟುಕೊಟ್ಟರು. ಮಾತಿನಲ್ಲಿ ಕೊಂಕಿದ್ದರೂ ಲೆಕ್ಕಾಚಾರ ಪಕ್ಕಾ.

ನ್ಯೂಯಾರ್ಕ್ ಕೂಡ ಲಂಡನ್ನಿಗಿಂತ ಮುಂದೆ: 1914ರ ಮಾರ್ಚ್ 24ರಂದು ಇರ್ವಿಂಗ್ ಪ್ಲೇಸ್ ಥಿಯೇಟರಿನಲ್ಲಿ, ಅದೂ ಜರ್ಮನ್‌ನಲ್ಲೇ. ಹಿಸ್ ಮೆಜೆಸ್ಟೀಸ್ ಥಿಯೇಟರಿನ ಲಂಡನ್ ಪ್ರಯೋಗ ಏಪ್ರಿಲ್ 11ರದು. ನಾಯಕಿ, ಹೂ ಮಾರುವ ಹುಡುಗಿ ಎಲೈಜಾ ಆಗಿ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್, ಆಕೆಗೆ ಮಾತು ಕಲಿಸುವ ಪ್ರೊಫೆಸರ್ ಹಿಗಿನ್ಸ್ ಆಗಿ ಬೀರ್ಬೊಮ್ ಟ್ರೀ, ಒಟ್ಟು 118 ಪ್ರದರ್ಶನ. ನಾಟಕದ ಕೊನೆಯಲ್ಲಿ ಎಲೈಜಾಳತ್ತ ಹೂವೆಸೆಯುವ ಪ್ರಣಯದ ಸನ್ನೆಯನ್ನು ಟ್ರೀ ತಾವೇ ಸೇರಿಸಿದರು, ಷಾ ಕೆರಳಿದರು.

ಗೊಂದಲಕ್ಕೆ ಕಾರಣ ಸರಳ: 1914 ಇಂಗ್ಲಿಷ್‌ನ ಮೊದಲ ಪ್ರಯೋಗದ ವರ್ಷ. ನಾಟಕದ ಕರಪತ್ರದಲ್ಲಿ ಆ ವರ್ಷ ಹಾಕುವುದಾದರೆ ‘ಇಂಗ್ಲಿಷ್‌ನಲ್ಲಿ’ ಎಂದು ಸೇರಿಸಿ.