ಡಾರ್ಕೆಸ್ಟ್ ಡಂಜನ್: ಮೊದಲರ್ಧ ಹೆದರಿಸುತ್ತದೆ, ಉಳಿದರ್ಧ ದಣಿಸುತ್ತದೆ

ಇಷ್ಟಪಟ್ಟು ಆಡಿದ ಗೇಮ್‌ಗಳು ಬೇಕಾದಷ್ಟಿವೆ. ಬೈದುಕೊಂಡು ಅರ್ಧಕ್ಕೆ ಬಿಟ್ಟವೂ ಇವೆ. ಎರಡನ್ನೂ ಒಟ್ಟಿಗೆ ಮಾಡಿಸಿದ್ದು ಮಾತ್ರ 'ಡಾರ್ಕೆಸ್ಟ್ ಡಂಜನ್' ಒಂದೇ. ಇದು ಹೊಸ ಗೇಮ್ ಅಲ್ಲ. ಕೆನಡಾದ ವ್ಯಾಂಕೂವರ್‌ನ ರೆಡ್ ಹುಕ್ ಎಂಬ ಸಣ್ಣ ಸ್ಟುಡಿಯೋ 2014ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ವೆಬ್‌ಸೈಟ್ ಮೂಲಕ ಜನರಿಂದ ದುಡ್ಡು ಎತ್ತಿತು. 2015ರಲ್ಲಿ ಅರ್ಲಿ ಆಕ್ಸೆಸ್‌ಗೆ, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟಕ್ಕೆ, ಬಿಟ್ಟಿತು. 2016ರ ಜನವರಿಯಲ್ಲಿ ಪೂರ್ತಿ ಗೇಮ್ ಬಂತು. ಇವತ್ತಿಗೂ ಒಳ್ಳೆಯ ಟರ್ನ್ ಬೇಸ್ಡ್ ಆರ್‌ಪಿಜಿ (ಸರದಿ ಪ್ರಕಾರ ಹೊಡೆದಾಡುತ್ತಾ ಪಾತ್ರಗಳನ್ನು ಬೆಳೆಸುವ ಗೇಮ್) ಯಾವುದು ಅಂತ ಯಾರಾದರೂ ಕೇಳಿದರೆ ಇದರ ಹೆಸರು ಬಂದೇ ಬರುತ್ತದೆ. ಜೊತೆಗೆ "ತುಂಬಾ ಕಷ್ಟ ಕಣ್ರೀ" ಅನ್ನೋ ಎಚ್ಚರಿಕೆಯೂ ಬರುತ್ತದೆ.

ಕಷ್ಟ ಇದರ ಸಮಸ್ಯೆ ಅಲ್ಲವೇ ಅಲ್ಲ. ಸಮಸ್ಯೆ ಬೇರೆ ಕಡೆ ಇದೆ. ಅದು ಕಾಣಬೇಕಾದರೆ ಗೇಮ್ ಯಾಕೆ ಇಷ್ಟು ಚೆನ್ನಾಗಿದೆ ಅನ್ನೋದರಿಂದಲೇ ಶುರು ಮಾಡಬೇಕು.

ಕತೆ ಸರಳ. ನಿಮ್ಮ ವಂಶದ ಹಿರಿಯನೊಬ್ಬ ಸುಖ ಸಾಕಾಗಿ, ಬಂಗಲೆಯ ಕೆಳಗೆ ಏನೋ ಇದೆ ಅಂತ ಅಗೆಸಿದ್ದಾನೆ. ಅಗೆಯಬಾರದ್ದನ್ನು ಅಗೆದಿದ್ದಾನೆ. ಈಗ ಸುತ್ತಲಿನ ಜಾಗವೆಲ್ಲ ಹಾಳು. ವಾರಸುದಾರ ನೀವು. ಆದರೆ ಕತ್ತಿ ಹಿಡಿದು ಹೋಗುವವರು ನೀವಲ್ಲ. ಊರಿಗೆ ಕುದುರೆಗಾಡಿಯಲ್ಲಿ ಹೊಸ ಹೊಸ ಸಾಹಸಿಗಳು ಬಂದಿಳಿಯುತ್ತಾರೆ. ಅವರಲ್ಲಿ ನಾಲ್ವರನ್ನು ಆರಿಸಿ ಡಂಜನ್‌ಗಳ, ಅಂದರೆ ರಾಕ್ಷಸರು ತುಂಬಿದ ಹಾಳು ಜಾಗಗಳ, ಒಳಗೆ ಕಳಿಸೋದು ನಿಮ್ಮ ಕೆಲಸ. ಸತ್ತವರು ಸತ್ತರು. ಮತ್ತೆ ಎದ್ದು ಬರುವುದಿಲ್ಲ. ಊರಿನ ಸ್ಮಶಾನದಲ್ಲಿ ಅವರ ಹೆಸರು, ಹೇಗೆ ಸತ್ತರು ಅನ್ನೋದು, ಎರಡೂ ದಾಖಲಾಗುತ್ತವೆ. ಗೇಮ್ ತನ್ನಷ್ಟಕ್ಕೆ ತಾನೇ ಸೇವ್ ಮಾಡಿಕೊಳ್ಳುತ್ತಾ ಹೋಗುತ್ತದೆ. ಹಳೆಯ ಸೇವ್‌ಗೆ ವಾಪಸ್ ಹೋಗೋಣ ಅನ್ನುವ ಆಸೆ ಬೇಡ.

ಯುದ್ಧದ ವಿನ್ಯಾಸ ನೋಡಿ. ನಿಮ್ಮ ನಾಲ್ವರು ಒಂದು ಸಾಲಿನಲ್ಲಿ, ಎದುರಾಳಿಗಳು ಇನ್ನೊಂದು ಸಾಲಿನಲ್ಲಿ. ಮೈದಾನ ಇಲ್ಲ, ಚೌಕಗಳಿಲ್ಲ. ಎಲ್ಲವೂ ಯಾರು ಎಷ್ಟನೇ ಜಾಗದಲ್ಲಿ ನಿಂತಿದ್ದಾರೆ ಅನ್ನೋದರ ಮೇಲೆ. ಪ್ರತಿ ಸ್ಕಿಲ್‌ಗೂ ಎಲ್ಲಿ ನಿಂತರೆ ಬಳಸಬಹುದು, ಎದುರಿನ ಯಾವ ಜಾಗಕ್ಕೆ ತಾಗುತ್ತದೆ ಅನ್ನೋ ಲೆಕ್ಕ ಇದೆ. ಲೆಪರ್ ಅನ್ನುವ ಹೀರೋನ ಕತ್ತಿಯ ಏಟು ಭಯಂಕರ. ಆದರೆ ಎದುರು ಸಾಲಿನ ಮೊದಲ ಇಬ್ಬರಿಗೆ ಮಾತ್ರ. ಅವನನ್ನೇ ಯಾರಾದರೂ ಹಿಂದಕ್ಕೆ ತಳ್ಳಿದರೆ ಆ ಭಯಂಕರ ಕತ್ತಿ ಸುಮ್ನೆ ಭಾರ. ಮುಂದೆ ಬರುವುದರಲ್ಲೇ ಅವನ ಟರ್ನ್‌ಗಳು ಮುಗಿಯುತ್ತವೆ. ನಿಯಮ ಇಷ್ಟೇ. ಆದರೆ ಅದರಿಂದ ಹುಟ್ಟುವ ಆಯ್ಕೆಗಳು ಮುಗಿಯುವುದೇ ಇಲ್ಲ. ಯಾರನ್ನು ಎಳೆಯೋದು, ಯಾರನ್ನು ತಳ್ಳೋದು, ಹಿಂದೆ ನಿಂತ ಬಡಕಲು ಶತ್ರುವನ್ನು ಮೊದಲು ಮುಗಿಸೋದಾ, ಮುಂದಿನ ದಾಂಡಿಗನನ್ನಾ?

ಬಹುತೇಕ ಸಲ ಉತ್ತರ ಹಿಂದಿನ ಬಡಕಲನೇ. ಯಾಕೆಂದರೆ ಈ ಗೇಮ್‌ನಲ್ಲಿ ಜೀವಕ್ಕಿಂತ ಮೊದಲು ಹೋಗುವುದು ಮನಸ್ಸು. ರೂಯಿನ್ಸ್ ಅನ್ನೋ ಡಂಜನ್‌ನಲ್ಲಿ ಒಂದು ಅಸ್ಥಿಪಂಜರ ಇದೆ, ಕೈಯಲ್ಲಿ ಮದ್ಯದ ಬಟ್ಟಲು. ಅದನ್ನು ನಿಮ್ಮವರತ್ತ ಎರಚುತ್ತದೆ, ಅಷ್ಟೇ. ಗಾಯ ಲೆಕ್ಕಕ್ಕಿಲ್ಲ, ಆದರೆ ಸ್ಟ್ರೆಸ್ (ಮನಸ್ಸಿನ ಒತ್ತಡದ ಅಂಕಿ) ಏರುತ್ತದೆ. ಕತ್ತಲು ಹೆಚ್ಚಾದರೆ ಏರುತ್ತದೆ. ಹಸಿದರೆ ಏರುತ್ತದೆ. ಶತ್ರುವಿನ ಕ್ರಿಟಿಕಲ್ ಏಟು (ಅದೃಷ್ಟದಿಂದ ಬೀಳುವ ದೊಡ್ಡ ಏಟು) ಬಿದ್ದರೆ, ಪಕ್ಕದವನು ಸತ್ತರೆ, ಇನ್ನೂ ಜಾಸ್ತಿ. 100 ಮುಟ್ಟಿದ ಕೂಡಲೇ ಆಟ ಒಂದು ಕ್ಷಣ ನಿಂತು ಅವರ ಮನೋಬಲವನ್ನು ಪರೀಕ್ಷೆ ಮಾಡುತ್ತದೆ. ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಸಲ ಕುಸಿಯುತ್ತಾರೆ. ಒಬ್ಬ ಸಂಶಯದ ಪ್ರಾಣಿ ಆಗುತ್ತಾನೆ, ಒಬ್ಬ ಸ್ವಾರ್ಥಿ, ಇನ್ನೊಬ್ಬ ಎಲ್ಲರನ್ನೂ ಬೈಯುವವನು. ನೀವು ಕೊಟ್ಟ ಆಜ್ಞೆ ಕೇಳುವುದಿಲ್ಲ. ಗುಂಪಿನ ಸನ್ಯಾಸಿನಿ ವೆಸ್ಟಲ್ ಗಾಯ ವಾಸಿ ಮಾಡಲು ಬಂದರೆ ಕುಸಿದವನು ಬೇಡ ಅನ್ನುತ್ತಾನೆ. ಅವನ ಮಾತು ಕೇಳಿ ಉಳಿದವರ ಸ್ಟ್ರೆಸ್ ಏರುತ್ತದೆ, ಅವರೂ ಕುಸಿಯುತ್ತಾರೆ. ಆ ನಾಲ್ಕನೆಯ ಸಲ ಮಾತ್ರ ಒಬ್ಬ ಅದೇ ಕತ್ತಲಲ್ಲಿ ಎದ್ದು ನಿಲ್ಲುತ್ತಾನೆ, ಇಡೀ ಗುಂಪಿಗೆ ಜೀವ ಬರುತ್ತದೆ. ಸ್ಟ್ರೆಸ್ 200 ಮುಟ್ಟಿದರೆ ಹೃದಯಾಘಾತ. ಆಗ ಸಾವಿನ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ಮೊದಲೇ ಅಲ್ಲಿದ್ದರೆ ಅಲ್ಲಿಗೇ ಮುಗಿಯಿತು.

ಫ್ಯಾಂಟಸಿ ಗೇಮ್‌ಗಳಲ್ಲಿ ಹೀರೋಗಳು ನೂರಾರು ರಾಕ್ಷಸರನ್ನು ಕೊಂದು ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಫ್ರೆಶ್ ಆಗಿ ಏಳುತ್ತಾರೆ. ಇದೆಂಥ ಕತೆ ಅಂತ ಯಾರೂ ಕೇಳಿರಲಿಲ್ಲ. ಕೇಳಿದರೂ ಉತ್ತರವನ್ನು ಡೈಲಾಗ್‌ನಲ್ಲಿ ಹೇಳಿಸುತ್ತಿದ್ದರು. ರೆಡ್ ಹುಕ್‌ನವರು ಅದನ್ನು ನಿಯಮವಾಗಿ ಬರೆದರು. ನನ್ನ ಮಟ್ಟಿಗೆ ಈ ಗೇಮ್‌ನ ದೊಡ್ಡ ಸಾಧನೆ ಅದೇ. ಊರಿಗೆ ಮರಳಿದ ಮೇಲೂ ಅದು ಮುಂದುವರಿಯುತ್ತದೆ. ಒಬ್ಬನನ್ನು ಚರ್ಚಿಗೆ ಕಳಿಸಬೇಕು, ಒಬ್ಬನನ್ನು ಹೆಂಡದಂಗಡಿಗೆ. ದೇವರಿಗೆ ಹೆದರುವ ಸ್ವಭಾವದವನು ಪ್ರಾರ್ಥನೆ ಬಿಟ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ಜೂಜಿಗೆ ಹೋದವನು ಅಲ್ಲೇನೋ ಕಳೆದುಕೊಂಡು ಬರಬಹುದು. ಕೆಲವರು ಹೋದ ಮೇಲೆ ಪತ್ತೆಯೇ ಇರುವುದಿಲ್ಲ. ಶುರುವಿನಲ್ಲೇ ಸಿಗುವ ಕ್ರುಸೇಡರ್ ರೇನಾಲ್ಡ್ ನೋಡಿ. ಧರ್ಮಯೋಧ. ಜೊತೆಗೆ ಕೈ ಚಟದ ಕಳ್ಳ! ಪೆಟ್ಟಿಗೆ ಕಂಡರೆ ನೀವು ಹೇಳುವ ಮೊದಲೇ ಹೋಗಿ ಕೈ ಹಾಕುತ್ತಾನೆ.

ಇನ್ನು ಚಿತ್ರ ಮತ್ತು ದನಿ. ದಪ್ಪ ಕಪ್ಪು ಗೆರೆಗಳ ಚಿತ್ರಗಳು, ಕಣ್ಣುಗಳೆಲ್ಲ ನೆರಳಿನಲ್ಲಿ ಮುಚ್ಚಿಹೋದ ಮುಖಗಳು. ಆನಿಮೇಷನ್ ಅಂತ ಹೇಳುವಷ್ಟು ಏನೂ ಇಲ್ಲ. ಹೊಡೆಯುವಾಗ ಒಂದೇ ಭಂಗಿ, ಕ್ಯಾಮೆರಾ ಹತ್ತಿರಕ್ಕೆ ಬರುತ್ತದೆ, ಒಂದು ಸದ್ದು. ಆದರೂ ಪ್ರತಿ ಏಟಿನ ಭಾರ ಗೊತ್ತಾಗುತ್ತದೆ. ಕೈಯಲ್ಲಿ ಕಾಸು ಕಡಿಮೆ ಇದ್ದಾಗ ಏನು ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ನಿರೂಪಕನ ದನಿ ವೇಯ್ನ್ ಜೂನ್ ಅವರದು. ಗೆದ್ದಾಗಲೂ ಎಚ್ಚರಿಸುವ, ಸೋತಾಗ ಚುಚ್ಚುವ ಆ ಗಡಸು ಕಂಠ ಇಲ್ಲದಿದ್ದರೆ ಗೇಮ್ ಅರ್ಧ ಖಾಲಿ. ಅವರು 2025ರಲ್ಲಿ ತೀರಿಕೊಂಡರು. ಸಂಗೀತ ಸ್ಟುವರ್ಟ್ ಚಾಟ್‌ವುಡ್ ಅವರದು, ಊರಿನ ಸಂಗೀತ ಕೇಳಿದರೆ ಅಲ್ಲೂ ನೆಮ್ಮದಿ ಇಲ್ಲ ಅನ್ನಿಸುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರು.

ಎಲ್ಲರೂ ಬೈಯುವುದು ಅದೃಷ್ಟವನ್ನು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜೀವ ಸೊನ್ನೆಗೆ ಬಂದರೂ ಹೀರೋ ತಕ್ಷಣ ಸಾಯುವುದಿಲ್ಲ. ಮುಂದಿನ ಏಟನ್ನು ತಡೆದುಕೊಳ್ಳುವ ಸಾಧ್ಯತೆ ಸಾಮಾನ್ಯವಾಗಿ ಶೇಕಡಾ 67. ಟಾರ್ಚ್ (ಪಂಜು) ಜಾಸ್ತಿ ಇಟ್ಟುಕೊಳ್ಳಬಹುದು, ಶತ್ರುವನ್ನು ಸ್ಟನ್ ಮಾಡಿ ಅವನ ಸರದಿ ತಪ್ಪಿಸಬಹುದು, ಸಾಕು ಅನ್ನಿಸಿದರೆ ಓಡಿ ಬರಬಹುದು. ಓಡಿ ಬರುವುದನ್ನು ಕಲಿತವರಿಗೆ ಗೇಮ್ ಅರ್ಧ ಸುಲಭವಾಗುತ್ತದೆ. ಹಾಗಂತ ಅದೃಷ್ಟ ಪೂರ್ತಿ ನಿರಪರಾಧಿಯೂ ಅಲ್ಲ. ಎರಡು ಕ್ರಿಟಿಕಲ್ ಏಟು ಸಾಲಾಗಿ ಬಿದ್ದು, ಇಡೀ ಗುಂಪು ಒಟ್ಟಿಗೆ ಹುಚ್ಚಾಗುವ ಸಂದರ್ಭಗಳಿವೆ. ಆಗ ಯಾವ ಜಾಣತನವೂ ನಡೆಯುವುದಿಲ್ಲ. ಆಕಲ್ಟಿಸ್ಟ್ ಅನ್ನೋ ಮಾಂತ್ರಿಕ ಮಹಾಶಯನಂತೂ ಗಾಯ ವಾಸಿ ಮಾಡುತ್ತೇನೆ ಅಂತ ಬಂದು ಸೊನ್ನೆ ಜೀವ ಕೊಟ್ಟು, ಮೇಲೆ ರಕ್ತ ಬೇರೆ ಸೋರಿಸಿ ಹೋಗುತ್ತಾನೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅದೆಲ್ಲ ನನಗೆ ನಡೆಯುತ್ತದೆ.

ನಡೆಯದೇ ಇರುವುದು ಗೇಮ್‌ನ ಉದ್ದ. ಅದಕ್ಕಿಂತ ಹೆಚ್ಚಾಗಿ, ಆ ಉದ್ದವನ್ನು ತುಂಬಿಸಿದ ರೀತಿ.

ನಾಲ್ಕು ಜಾಗಗಳು: ರೂಯಿನ್ಸ್, ವಾರೆನ್ಸ್, ವೀಲ್ಡ್, ಕೋವ್. ಕೊನೆಗೆ ಬಂಗಲೆಯ ಕೆಳಗಿನ ಡಾರ್ಕೆಸ್ಟ್ ಡಂಜನ್. ನಾಲ್ಕರಲ್ಲಿ ಪ್ರತಿಯೊಂದಕ್ಕೂ ಇಬ್ಬರು ಬಾಸ್‌ಗಳು (ದೊಡ್ಡ ಶತ್ರುಗಳು), ಒಟ್ಟು ಎಂಟು. ಬಾಸ್‌ಗಳು ಒಂದಕ್ಕಿಂತ ಒಂದು ಚೆಂದ. ವೀಲ್ಡ್‌ನ ಮಾಟಗಾತಿ ನಿಮ್ಮ ನಾಲ್ವರಲ್ಲಿ ಒಬ್ಬರನ್ನು ಎತ್ತಿ ಕುದಿಯುವ ಹಂಡೆಗೆ ಹಾಕಿಬಿಡುತ್ತಾಳೆ. ಉಳಿದವರು ಹಂಡೆ ಒಡೆಯುವುದೋ ಅವಳನ್ನೇ ಮುಗಿಸುವುದೋ ಅಂತ ಒದ್ದಾಡಬೇಕು. ಮೊದಲ ಸಲ ಅದು ಅದ್ಭುತ. ಆದರೆ ಪ್ರತಿ ಬಾಸ್ ಜೊತೆಗೂ ಮೂರು ಮಟ್ಟದ ಯುದ್ಧ ಇಟ್ಟಿದ್ದಾರೆ. ದರೋಡೆಕೋರರ ಫಿರಂಗಿ ಮೊದಲು 8 ಪೌಂಡರ್, ಆಮೇಲೆ 12, ಆಮೇಲೆ 16. ಫಿರಂಗಿ ಅದೇ, ಆಟವೂ ಅದೇ, ಅಂಕಿ ಮಾತ್ರ ದೊಡ್ಡದು. ಎಂಟನ್ನು ಇಪ್ಪತ್ತನಾಲ್ಕು ಮಾಡುವುದಕ್ಕೆ ಇಷ್ಟು ಸುಲಭದ ದಾರಿ ಹಿಡಿಯಬಾರದಿತ್ತು. ಬಾಸ್ ಇಲ್ಲದ ವಾರಗಳಲ್ಲಂತೂ ಅದೇ ಕಾರಿಡಾರ್, ಅದೇ ಕೋಣೆಗಳು, ಶೇಕಡಾ 90 ಕೋಣೆ ನೋಡಿ ಬಾ ಅನ್ನೋ ಅದೇ ಕೆಲಸ.

ಇದರ ಮೇಲೆ ಲೆವೆಲ್ ಕಟ್ಟುಪಾಡು. ಹೀರೋ 3ನೇ ಲೆವೆಲ್ ಮುಟ್ಟಿದರೆ ಸುಲಭದ ಡಂಜನ್‌ಗೆ ಹೋಗಲು ಒಪ್ಪುವುದಿಲ್ಲ. 5 ಮುಟ್ಟಿದರೆ ನಡುವಿನದಕ್ಕೂ ಒಪ್ಪುವುದಿಲ್ಲ. ಅಂದರೆ ನೀವು ಯಾವಾಗಲೂ ಮೂರು ಬೇರೆ ಬೇರೆ ತಂಡಗಳನ್ನು ಸಾಕಬೇಕು. ಮೇಲಿನ ತಂಡದ ನಾಲ್ವರು ಒಂದೇ ರಾತ್ರಿ ಸತ್ತರೆ ಮತ್ತೆ ಕೆಳಗಿನಿಂದ ಶುರು. ಊರನ್ನು ಅಪ್‌ಗ್ರೇಡ್ ಮಾಡಿದರೆ ಸ್ವಲ್ಪ ಅನುಭವ ಇರುವವರೂ ಬರುತ್ತಾರೆ, ಆದರೆ ಆ ತೂತು ಪೂರ್ತಿ ಮುಚ್ಚುವುದಿಲ್ಲ.

ಇಲ್ಲೇ ಗೇಮ್ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತದೆ. ಶುರುವಿನಲ್ಲಿ ಪ್ರತಿಯೊಬ್ಬ ಹೀರೋ ನಿಮಗೆ ಮನುಷ್ಯ. ಹೆಸರು ನೆನಪಿರುತ್ತದೆ, ಚಟ ನೆನಪಿರುತ್ತದೆ. ಅವನು ಸತ್ತರೆ ಗೇಮ್ ಆಫ್ ಮಾಡಿ ಸುಮ್ನೆ ಕೂರುತ್ತೀರಿ. ಮಧ್ಯಕ್ಕೆ ಬರುವ ಹೊತ್ತಿಗೆ ನೀವು ಸಂಬಳದ ಪಟ್ಟಿ ನೋಡುವ ಮ್ಯಾನೇಜರ್. ಹೊಸಬರು ಪುಕ್ಕಟೆ ಬರುತ್ತಾರೆ. ಕುಸಿದವನಿಗೆ ಚಿಕಿತ್ಸೆ ಕೊಡಲು ದುಡ್ಡು ಬೇಕು, ಒಂದು ವಾರವೂ ಹೋಗುತ್ತದೆ. ಹಾಗಾದರೆ? ಹೊಸ ನಾಲ್ವರನ್ನು ಟಾರ್ಚ್ ಕೊಡದೆ ಕತ್ತಲಿಗೆ ಕಳಿಸು. ಕತ್ತಲಲ್ಲಿ ಲೂಟಿ ಜಾಸ್ತಿ ಸಿಗುತ್ತದೆ. ಬದುಕಿ ಬಂದರೆ ದುಡ್ಡು ಇಸ್ಕೊಂಡು ಮನೆಗೆ ಕಳಿಸು. ಇದು ಯಾರೋ ಕಂಡುಹಿಡಿದ ಕಳ್ಳದಾರಿ ಅಲ್ಲ, ಲೆಕ್ಕ ಹಾಕಿದವರೆಲ್ಲ ಬಂದು ತಲುಪುವ ಜಾಗ.

ಇದಕ್ಕೊಂದು ಸಮರ್ಥನೆ ಇದೆ. ಆ ಹಿರಿಯನೂ ಜನರನ್ನು ಹೀಗೇ ಬಳಸಿ ಬಿಸಾಕಿದ್ದ, ನೀವೂ ಅವನಂತೆಯೇ ಆಗುತ್ತಿದ್ದೀರಿ, ಗೇಮ್ ಹೇಳುತ್ತಿರುವುದೇ ಅದನ್ನು ಅಂತ. ಮಾತು ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಆ ವಿಷಯ ನನಗೆ ಅರ್ಥವಾದ ಮೇಲೂ ಅದೇ ಕಾರಿಡಾರ್‌ನಲ್ಲಿ ಅಷ್ಟೊಂದು ಹೊತ್ತು ಯಾಕೆ ನಡೆಸಬೇಕು? ಭಯ ಇರಬೇಕಾದರೆ ಕಳೆದುಕೊಳ್ಳುವ ವಸ್ತುವಿನ ಮೇಲೆ ಪ್ರೀತಿ ಇರಬೇಕು. ಹತ್ತಾರು ಜನರನ್ನು ಹೂತ ಮೇಲೆ ಪ್ರೀತಿ ಉಳಿಯುವುದಿಲ್ಲ. ಹೋದದ್ದು ಎಷ್ಟು ವಾರದ ಕೆಲಸ ಅನ್ನೋ ಲೆಕ್ಕ ಮಾತ್ರ ಉಳಿಯುತ್ತದೆ. ಮೊದಲು ಸ್ಟ್ರೆಸ್ ಹೀರೋಗಳಿಗೆ ಇತ್ತು, ಈಗ ನನಗೆ ಬೇಜಾರು. ಎರಡೂ ಒಂದೇ ಅಲ್ಲ ಅಲ್ವಾ?

ಅರ್ಲಿ ಆಕ್ಸೆಸ್ ಕಾಲದ ಒಂದು ಜಗಳ ಇಲ್ಲಿ ಹೇಳಬೇಕು. 2015ರಲ್ಲಿ ಸತ್ತ ಶತ್ರುಗಳ ಹೆಣ ಸಾಲಿನಲ್ಲೇ ಬಿದ್ದಿರುವಂತೆ ಬದಲಾಯಿಸಿದರು. ಅದಕ್ಕೆ ಮೊದಲು ಮುಂದಿನವನು ಸತ್ತರೆ ಹಿಂದಿನವನು ತಾನಾಗಿ ಮುಂದೆ ಬರುತ್ತಿದ್ದ. ಈಗ ಹೆಣ ಅಡ್ಡ. ಜನ ಸಿಡಿದೆದ್ದರು. ಕೊನೆಗೆ ಬೇಡವಾದವರು ಆಫ್ ಮಾಡಿಕೊಳ್ಳಿ ಅಂತ ಆಯ್ಕೆ ಕೊಟ್ಟರು. ಈ ವಿಷಯದಲ್ಲಿ ನಾನು ಸ್ಟುಡಿಯೋ ಪರ. ಹೆಣ ಇಲ್ಲದಿದ್ದರೆ ಆ ನಾಲ್ಕು ಜಾಗಗಳ ಇಡೀ ಚದುರಂಗವೇ ಸಡಿಲ. ದಯವಿಟ್ಟು ಆಫ್ ಮಾಡಬೇಡಿ. ವಿಚಿತ್ರ ಅಂದರೆ, ಆಗ ಜನ ಇಷ್ಟು ಜಗಳ ಮಾಡಿದ್ದು ಗೇಮ್ ಕಷ್ಟವಾಯಿತು ಅಂತ, ಉದ್ದವಾಯಿತು ಅಂತ ಅಲ್ಲ.

ಸಣ್ಣಪುಟ್ಟ ದೂರುಗಳು ಬೇರೆ ಇವೆ. ದಾರಿಯಲ್ಲಿ ಸಿಗುವ ವಸ್ತುಗಳ ಮೇಲೆ ಯಾವ ಸಾಮಾನು ಬಳಸಬೇಕು ಅನ್ನೋದನ್ನು ಗೇಮ್ ಮೊದಲು ಹೇಳುವುದೇ ಇಲ್ಲ. ಪ್ರಯೋಗ ಮಾಡಿದರೆ ಶಿಕ್ಷೆ. ಹಾಗಾಗಿ ಎಲ್ಲರೂ ಪಕ್ಕದಲ್ಲಿ ವಿಕಿ ತೆರೆದಿಟ್ಟುಕೊಂಡೇ ಆಡುತ್ತಾರೆ. ಅಂಕಿಅಂಶಗಳ ಅಕ್ಷರ ಚಿಕ್ಕದು. ಚೀಲ ಸಾಲದೆ ಪ್ರತಿ ಸಲ ಏನಾದರೂ ಎಸೆಯಬೇಕು, ಅದು ಮಾತ್ರ ನನಗೆ ಇಷ್ಟ.

ಕೊನೆಯ ಡಂಜನ್ ಬಗ್ಗೆ ಜಾಸ್ತಿ ಹೇಳಿದರೆ ಮಜಾ ಹೋಗುತ್ತದೆ. ಅಲ್ಲಿಂದ ಬದುಕಿ ಬಂದವರು ಮತ್ತೆ ಅಲ್ಲಿಗೆ ಕಾಲಿಡುವುದಿಲ್ಲ ಅನ್ನುತ್ತಾರೆ. ಕತೆಗೆ ಎಷ್ಟು ಸರಿ! ಆಟಕ್ಕೆ ಎಷ್ಟು ತಲೆನೋವು! ನಾಲ್ಕು ಹಂತಕ್ಕೂ ಹೊಸ ತಂಡ ಕಟ್ಟಬೇಕು, ಅವರನ್ನು ಬೆಳೆಸಲು ಮತ್ತೆ ಅದೇ ಹಳೆಯ ಕಾರಿಡಾರ್‌ಗಳು. ಅಲ್ಲಿಂದ ಓಡಿ ಬರಬೇಕೆಂದರೆ ಒಬ್ಬನನ್ನು ಬಲಿ ಕೊಡಬೇಕು. ಕೊನೆಯ ಬಾಸ್ ನಿಮ್ಮಿಂದ ಒಂದು ಆಯ್ಕೆ ಮಾಡಿಸುತ್ತದೆ. ಇಷ್ಟೆಲ್ಲ ದಣಿದ ಮೇಲೂ ಅಲ್ಲಿ ನನ್ನ ಕೈ ತಡೆಯಿತು. ಅಂದರೆ ಆ ಪ್ರೀತಿ ಇನ್ನೂ ಎಲ್ಲೋ ಉಳಿದಿತ್ತು. ಅರ್ಧ ಉದ್ದಕ್ಕೇ ಅಲ್ಲಿಗೆ ಮುಟ್ಟಿಸಿದ್ದರೆ ಇದಕ್ಕೆ ಸಾಟಿಯೇ ಇರುತ್ತಿರಲಿಲ್ಲ.

ಸ್ಟುಡಿಯೋದವರಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಆಮೇಲೆ ರೇಡಿಯಂಟ್ ಅನ್ನೋ ಮೋಡ್ ಸೇರಿಸಿದರು. ಅದರಲ್ಲಿ ಹೀರೋಗಳು ಬೇಗ ಬೆಳೆಯುತ್ತಾರೆ, ಊರು ಬೇಗ ಕಟ್ಟಬಹುದು. ಹೊಸದಾಗಿ ಆಡುವವರಿಗೆ ನನ್ನ ಸಲಹೆ ಅದೇ. ಅದು ಮಕ್ಕಳಾಟದ ಮೋಡ್ ಅಂತ ಹೀಯಾಳಿಸುವವರ ಮಾತು ಬಿಡಿ. ಯುದ್ಧಗಳು ಅಲ್ಲೂ ಕೊಲ್ಲುತ್ತವೆ, ಕಾಯಿಸುವುದು ಮಾತ್ರ ಕಡಿಮೆ. 2017ರಲ್ಲಿ ಬಂದ ಕ್ರಿಮ್ಸನ್ ಕೋರ್ಟ್ ಡಿಎಲ್‌ಸಿಯನ್ನು (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗವನ್ನು) ಮೊದಲ ಸಲ ಆಡುವಾಗ ಆನ್ ಮಾಡಬೇಡಿ. ರಕ್ತಪಿಪಾಸೆಯ ಸೋಂಕು ಇಡೀ ಊರಿಗೆ ಹಬ್ಬಿ, ಇದ್ದ ಲೆಕ್ಕಕ್ಕೆ ಇನ್ನೊಂದು ಲೆಕ್ಕ ಸೇರುತ್ತದೆ.

ಎರಡನೇ ಭಾಗ 2021ರಲ್ಲಿ ಅರ್ಲಿ ಆಕ್ಸೆಸ್‌ಗೆ, 2023ರಲ್ಲಿ ಪೂರ್ತಿಯಾಗಿ ಬಂತು. ಅದರಲ್ಲಿ ಊರನ್ನೇ ತೆಗೆದುಹಾಕಿ, ನಾಲ್ವರನ್ನು ಬಂಡಿ ಹತ್ತಿಸಿ ರಸ್ತೆಗೆ ಬಿಟ್ಟಿದ್ದಾರೆ. ಒಂದು ಪ್ರಯಾಣ ಮುಗಿದರೆ ಹೊಸದಾಗಿ ಶುರು. ಗ್ರೈಂಡಿಂಗ್, ಅಂದರೆ ಮಾಡಿದ್ದನ್ನೇ ಮಾಡಿಸುವ ಸಮಸ್ಯೆ, ಬಹಳಷ್ಟು ಹೋಯಿತು. ಅದರ ಜೊತೆಗೆ ಸ್ಮಶಾನವೂ ಹೋಯಿತು, ಹೆಂಡದಂಗಡಿಯೂ ಹೋಯಿತು, ಕುದುರೆಗಾಡಿಯಿಂದ ಇಳಿಯುವ ಅಪರಿಚಿತರೂ ಹೋದರು. ಯುದ್ಧ ಇನ್ನೂ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಯಾವುದನ್ನು ಮತ್ತೆ ಇನ್‌ಸ್ಟಾಲ್ ಮಾಡುತ್ತೀಯ ಅಂತ ಕೇಳಿದರೆ ಮೊದಲನೆಯದೇ, ರೇಡಿಯಂಟ್ ಮೋಡ್‌ನಲ್ಲಿ. ನೀವು ಎರಡನ್ನೂ ಆಡಿದ್ದರೆ ಯಾವುದು ಅಂತ ಕೆಳಗೆ ಬರೆಯಿರಿ, ಜಗಳಕ್ಕೆ ನಾನು ರೆಡಿ.