ಓಪನ್ ಸೋರ್ಸ್ ಪುಕ್ಕಟೆ ಅಲ್ಲ, ಯಾರೋ ದುಡಿದದ್ದು

ಈ ಬರಹವನ್ನು ನೀವು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, 'ಕಲಬುರ್ಗಿ' ಅಂತ ಬರೆದಾಗ ಅರ್ಕಾವತ್ತು ತನ್ನ ಜಾಗದಲ್ಲೇ ಬಂದು ಕೂರುತ್ತದಲ್ಲ, ಅದನ್ನು ಕೂರಿಸುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ, ಬಳಸಬಹುದಾದದ್ದು. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ನಲ್ಲೂ ಅದೇ ಇದೆ. ನಾವ್ಯಾರೂ ಅದಕ್ಕೆ ಒಂದು ರೂಪಾಯಿ ಕೊಟ್ಟಿಲ್ಲ. ಆದರೆ ಅದನ್ನು ಬರೆದ ಮುಖ್ಯ ವ್ಯಕ್ತಿ ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳಲ್ಲಿ ಸಂಬಳಕ್ಕಿದ್ದವರು.

ನಾನು ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಈ ಮಾತು ತೆಗೆದರೆ ಸಾಕು, ಕ್ಲಾಸಿನಲ್ಲಿ ಎರಡು ಗುಂಪು. "ಇದು ಸೇವಾ ರೀ ಸರ್, ರೊಕ್ಕದ ಮಾತು ಬ್ಯಾಡ" ಅಂತ ಕೆಲವರು. "ಎಲ್ಲಾ ಕಂಪನಿಗಳ ಆಟ ರೀ, ನಾವ್ಯಾಕ ಪುಕ್ಕಟೆ ದುಡೀಬೇಕು?" ಅಂತ ಉಳಿದವರು. ನಾನು ಹೇಳುವುದು ಇಷ್ಟೇ: ಕೋಡ್ ಎಲ್ಲರದ್ದು, ಸರಿ. ಅದನ್ನು ನೋಡಿಕೊಳ್ಳುವುದು ಮಾತ್ರ ದುಡಿಮೆ. ಅದರಿಂದ ಲಾಭ ಮಾಡುವವರು ಆ ದುಡಿಮೆಗೆ ಕೂಲಿ ಕೊಡಬೇಕು.

1991ರಲ್ಲಿ ಲಿನಕ್ಸ್ ಕರ್ನೆಲ್ (ಕಂಪ್ಯೂಟರ್ ನಡೆಸುವ ವ್ಯವಸ್ಥೆಯ ತಿರುಳು) ಶುರು ಮಾಡಿದಾಗ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಹುಡುಗ. ಇವತ್ತು ಆ ಕರ್ನೆಲ್‌ಗೆ ಬರುವ ಕೋಡಿನಲ್ಲಿ ದೊಡ್ಡ ಪಾಲು ಕಂಪನಿಗಳ ಸಂಬಳದವರದ್ದು. ಲಿನಕ್ಸ್ ನಂಬಿಯೇ ಬೆಳೆದ ರೆಡ್ ಹ್ಯಾಟನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್‌ಗೆ ಕೊಂಡಿತು. ಇದು ವ್ಯಾಪಾರ ಅಲ್ಲ ಅಂದರೆ ಯಾರು ನಂಬುತ್ತಾರೆ?

ಇನ್ನೊಂದು ಕಡೆ ನೋಡಿ. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾಗಿ ಜಗತ್ತಿನ ವೆಬ್‌ಸೈಟ್‌ಗಳೆಲ್ಲ ಗಾಬರಿಯಾದವು. ಆ ದೋಷ ಇದ್ದದ್ದು ವೆಬ್‌ಸೈಟ್‌ಗಳ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ. ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್! ಹತ್ತು ವರ್ಷ ಆದ ಮೇಲೂ ಬುದ್ಧಿ ಬರಲಿಲ್ಲ. ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶವನ್ನು ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಮನಸ್ಸು ದಣಿದಿದೆ ಅಂತ ಅವರು ಬರೆದುಕೊಂಡರೂ ಕೆಲಸ ಬೇಗ ಮಾಡಿ ಅಂತ ಒತ್ತಡ ಹಾಕಿದವರೇ ಜಾಸ್ತಿ. 'ನಾನು ಸಹಾಯ ಮಾಡ್ತೀನಿ' ಅಂತ ಬಂದ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟ, ಅಂದರೆ ಲಿನಕ್ಸ್ ಕಂಪ್ಯೂಟರ್‌ಗಳಿಗೆ ಹೊರಗಿನವರು ಗುಟ್ಟಾಗಿ ನುಗ್ಗುವ ದಾರಿ. ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಅನಿಸಿದ್ದಕ್ಕೆ ಅದು ಸಿಕ್ಕಿಬಿತ್ತು. ಅವರು ಸುಮ್ನೆ ಬಿಟ್ಟಿದ್ದರೆ?

ನಮ್ಮ ಕಡೆ ದಾಸೋಹದಲ್ಲಿ ನೀನ್ಯಾರು ಅಂತ ಯಾರೂ ಕೇಳುವುದಿಲ್ಲ, ಕೂಡಿಸಿ ಬಡಿಸುತ್ತಾರೆ. ಆದರೆ ರಾಶಿ ಆದ ಮೇಲೆ ಉಳ್ಳವರು ಜೋಳ, ತೊಗರಿ ತಂದು ಹಾಕಿದರೆ ತಾನೇ ಒಲೆ ಉರಿಯುವುದು? ದಿನಾ ಬಂದು ಉಂಡು, ಹೊರಗೆ ಹೋಗಿ ಅದೇ ಅನ್ನ ಮಾರುವವರು ಒಂದು ಚೀಲ ಕಾಳು ಕೊಡದಿದ್ದರೆ ಅದು ತಪ್ಪು.

ಹುಡುಗರಿಗೆ "ಎರಡು ವರ್ಷ ಪುಕ್ಕಟೆ ಕೋಡ್ ಕೊಡಿ, ಕೆಲಸ ತಾನೇ ಬರುತ್ತೆ" ಅಂತ ಹೇಳುವವರ ಮೇಲೆ ನನಗೆ ಸಿಟ್ಟಿದೆ. ಆಳಂದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಸಂಜೆ ಸೂಪರ್ ಮಾರ್ಕೆಟ್‌ನ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡಿ ಹಾಸ್ಟೆಲ್ ಫೀಸ್ ಕಟ್ಟುತ್ತಾನೆ. ಒಂದು ಓಪನ್ ಸೋರ್ಸ್ ಪಿಡಿಎಫ್ ತಂತ್ರಾಂಶದಿಂದ ಕನ್ನಡ ಕಾಪಿ ಮಾಡಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗುತ್ತಿದ್ದವು. ಎಲ್ಲಿ ಕೆಡುತ್ತಿದೆ ಅಂತ ಅದನ್ನು ನೋಡಿಕೊಳ್ಳುವ ಇಂಜಿನಿಯರ್‌ಗೆ ಚಿತ್ರ ಸಮೇತ ಬರೆದು ಕಳಿಸಿದ. "ಆಫೀಸ್ ಕೆಲಸ ಮುಗಿದ ಮೇಲೆ ಬಿಡುವಾದಾಗ ನೋಡುತ್ತೇನೆ" ಅಂತ ಉತ್ತರ ಬಂತು. ಈ ಕಡೆ ಬಿಡುವಿಲ್ಲದ ಹುಡುಗ, ಆ ಕಡೆ ಬಿಡುವಿಲ್ಲದ ಇಂಜಿನಿಯರ್. ದೋಷ ಇನ್ನೂ ಹಾಗೇ ಇದೆ. ಬರೀ ಸ್ವಯಂಸೇವೆ ಅಂದರೆ ಮನೆ ಕಡೆ ಅನುಕೂಲ ಇದ್ದವರಿಗಷ್ಟೇ ಜಾಗ ಸಿಗುತ್ತದೆ.

ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಯೋಜನೆ 2005ರಿಂದ ಓಪನ್ ಸೋರ್ಸ್‌ಗೆ ಕೋಡ್ ಬರೆಯುವ ಕೆಲಸಕ್ಕೆ ಸ್ಟೈಪೆಂಡ್ ಕೊಡುತ್ತಿದೆ. ನಮ್ಮಲ್ಲಿ ಯಾಕೆ ಆಗಬಾರದು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದು ಇದೇ ಊರಲ್ಲಿ. ಓಪನ್ ಸೋರ್ಸ್‌ನಲ್ಲಿ ಕನ್ನಡದ ದೋಷ ಸರಿಪಡಿಸುವ ಬೀದರ್, ಯಾದಗಿರಿ, ಕಲಬುರಗಿ ಹುಡುಗರಿಗೆ ಆರು ತಿಂಗಳ ಸ್ಟೈಪೆಂಡ್ ಕೊಡಿ ಅಂತ ಮಂಡಳಿಗೆ ಮನವಿ ಬರೆಯುತ್ತಿದ್ದೇನೆ. ಸಹಿ ಹಾಕುವವರು ಕಾಮೆಂಟ್‌ನಲ್ಲಿ ಹೆಸರು ಹೇಳಿ.